ಅಂಟಾರ್ಕ್ಟಿಕಾ ಹಡಗು ಪ್ರವಾಸ: ಹತ್ತು ಲಕ್ಷ ಕೊಟ್ಟು ಹೋಗಬಹುದಾ?

ಅಂಟಾರ್ಕ್ಟಿಕಾಗೆ ಹೋಗಿ ಬಂದೆವು ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಚಳಿ ಎಷ್ಟಿತ್ತು? ದುಡ್ಡು ಎಷ್ಟಾಯಿತು? ಚಳಿಯ ಉತ್ತರ ಸುಲಭ. ಪ್ರವಾಸಿ ಹಡಗುಗಳು ಓಡುವುದು ಅಲ್ಲಿನ ಬೇಸಿಗೆಯಲ್ಲಿ, ನವೆಂಬರ್‌ನಿಂದ ಮಾರ್ಚ್‌ವರೆಗೆ. ಹೋಗುವುದೂ ಖಂಡದ ಉತ್ತರ ತುದಿಗೆ, ಅಂಟಾರ್ಕ್ಟಿಕ್ ಪರ್ಯಾಯ ದ್ವೀಪಕ್ಕೆ. ಅಲ್ಲಿ ಆಗ ಸೊನ್ನೆ ಡಿಗ್ರಿಯ ಆಚೀಚೆ ಇರುತ್ತದೆ. ಗಾಳಿ ಬೀಸಿದರೆ ಮಾತ್ರ ಕಷ್ಟ. ಜನವರಿಯ ಲಡಾಖ್ ಇದಕ್ಕಿಂತ ಜೋರು. ದುಡ್ಡಿನ ಪ್ರಶ್ನೆಗೆ ಮಾತ್ರ ಕೂತು ಲೆಕ್ಕ ಹಾಕಬೇಕು.

ಹೆಚ್ಚಿನ ಹಡಗುಗಳು ಹೊರಡುವುದು ಅರ್ಜೆಂಟೀನಾದ ದಕ್ಷಿಣ ತುದಿಯ ಉಶುವಾಯಾದಿಂದ. ಸಾಮಾನ್ಯ ಪ್ಯಾಕೇಜ್ 10ರಿಂದ 11 ದಿನದ್ದು. ಮೂವರು ಹಂಚಿಕೊಳ್ಳುವ ಕ್ಯಾಬಿನ್‌ನಲ್ಲಿ ಒಂದು ಹಾಸಿಗೆಗೆ ಸುಮಾರು 6ರಿಂದ 7 ಸಾವಿರ ಡಾಲರ್. ಇಬ್ಬರ ಕ್ಯಾಬಿನ್ ಆದರೆ ತಲೆಗೆ 8ರಿಂದ 12 ಸಾವಿರ. ಬಾಲ್ಕನಿ ಬೇಕು ಅಂದರೆ ಇನ್ನೂ ಮೇಲೆ. ಒಬ್ಬರೇ ಹೋಗಿ ಇಡೀ ಕ್ಯಾಬಿನ್ ಹಿಡಿದರೆ ಒಂದೂವರೆ ಪಟ್ಟು, ಕೆಲವು ಕಡೆ ಎರಡು ಪಟ್ಟು ಕೇಳುತ್ತಾರೆ. ಇದರ ಮೇಲೆ ಬೆಂಗಳೂರಿನಿಂದ ವಿಮಾನ, ಹೋಟೆಲ್, ವಿಮೆ, ಬಟ್ಟೆ, ಟಿಪ್ಸ್. ಕೈ ಬಿಗಿ ಹಿಡಿದರೂ ನಮಗೆ ತಲೆಗೆ ಹತ್ತು ಲಕ್ಷ ದಾಟಿತು. ಫಾಕ್‌ಲ್ಯಾಂಡ್, ಸೌತ್ ಜಾರ್ಜಿಯಾ ದ್ವೀಪಗಳನ್ನೂ ಸೇರಿಸಿದ ಮೂರು ವಾರದ ಪ್ರವಾಸವೂ ಇದೆ. ಅದರ ದರ ಕೇಳಿಯೇ ನಮ್ಮ ಯಜಮಾನರು ಕಡತ ಮುಚ್ಚಿಟ್ಟರು.

ಈ ದುಡ್ಡನ್ನು 11ರಿಂದ ಭಾಗಿಸಿ ದಿನಕ್ಕೆ ಇಷ್ಟು ಅಂತ ನೋಡಬೇಡಿ. ಮೊದಲ ದಿನ ಸಂಜೆ ಹಡಗು ಹತ್ತುತ್ತೀರಿ. ಕೊನೆಯ ದಿನ ಬೆಳಿಗ್ಗೆ ತಿಂಡಿ ಮುಗಿಸಿ ಇಳಿಯುತ್ತೀರಿ. ದಕ್ಷಿಣ ಅಮೆರಿಕಾಗೂ ಅಂಟಾರ್ಕ್ಟಿಕಾಗೂ ನಡುವಿನ ಡ್ರೇಕ್ ಜಲಸಂಧಿ ದಾಟಲು ಹೋಗುವಾಗ ಸುಮಾರು ಎರಡು ದಿನ, ಬರುವಾಗ ಎರಡು ದಿನ. ಉಳಿದದ್ದು ಐದೇ ದಿನ. ಆ ಐದು ದಿನವೂ ಹವಾಮಾನ ಒಪ್ಪಿದರೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಹೊರಗೆ ಕರೆದೊಯ್ಯುತ್ತಾರೆ. ನೀವು ಕೊಡುವ ದುಡ್ಡೆಲ್ಲ ಆ ಕೆಲವು ಗಂಟೆಗಳಿಗೆ. ಹಾಗಾಗಿ ಹಡಗು ಆರಿಸುವಾಗ ಕೇಳಬೇಕಾದ ಮೊದಲ ಮಾತು, ನನ್ನ ಕಾಲು ನೆಲದ ಮೇಲೆ ಎಷ್ಟು ಹೊತ್ತು ಇರುತ್ತದೆ ಅನ್ನುವುದು.

ಇದನ್ನು ತೀರ್ಮಾನ ಮಾಡುವುದು ಹಡಗಿನ ಗಾತ್ರ. ಅಂಟಾರ್ಕ್ಟಿಕಾ ಪ್ರವಾಸ ಕಂಪನಿಗಳ ಒಕ್ಕೂಟ ಒಂದಿದೆ, ಐಯಾಟೊ ಅಂತ. 1991ರಲ್ಲಿ ಶುರುವಾದದ್ದು. ಅದರ ನಿಯಮದ ಪ್ರಕಾರ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100ಕ್ಕಿಂತ ಜಾಸ್ತಿ ಪ್ರವಾಸಿಗರು ದಡದಲ್ಲಿ ಇರುವಂತಿಲ್ಲ. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಿನವರು ಯಾರನ್ನೂ ಇಳಿಸುವಂತೆಯೇ ಇಲ್ಲ. 190 ಜನರ ಹಡಗಾದರೆ ಅರ್ಧ ಜನ ದಡದಲ್ಲಿ, ಇನ್ನರ್ಧ ರಬ್ಬರ್ ದೋಣಿಯಲ್ಲಿ ಮಂಜುಗಡ್ಡೆಗಳ ನಡುವೆ ಸುತ್ತುತ್ತಾರೆ. ಆಮೇಲೆ ಅದಲು ಬದಲು. ಯಾರೂ ಹಡಗಿನಲ್ಲಿ ಸುಮ್ನೆ ಕೂರುವುದಿಲ್ಲ. 450 ಜನರ ಹಡಗಿನಲ್ಲಿ ನಾಲ್ಕೈದು ತಂಡ ಮಾಡಬೇಕು. ನಿಮ್ಮ ಸರದಿ ಬರುವಷ್ಟರಲ್ಲಿ ಗಾಳಿ ಎದ್ದರೆ ಆ ಹೊತ್ತು ಹೋಯಿತು.

ನಮಗೆ ಮೊದಲು ಸಿಕ್ಕ ಏಜೆಂಟ್ ಒಬ್ಬರು ಅರ್ಧ ದುಡ್ಡಿಗೆ ‘ಅಂಟಾರ್ಕ್ಟಿಕಾ ಕ್ರೂಸ್’ ತೋರಿಸಿದರು. ಎರಡು ಸಾವಿರಕ್ಕೂ ಹೆಚ್ಚು ಜನ, ಈಜುಕೊಳ, ನಾಟಕಶಾಲೆ, ರಾತ್ರಿ ಹಾಡು ಕುಣಿತ. “ಇಳಿಸ್ತಾರಾ?” ಅಂತ ಕೇಳಿದೆ. “ಮೇಡಂ, ಡೆಕ್ ಮೇಲಿಂದ ಎಲ್ಲಾ ಚೆನ್ನಾಗಿ ಕಾಣತ್ತೆ” ಅಂದರು. ಕಾಣುತ್ತದೆ, ನಿಜ. ಅಷ್ಟು ದೂರ ಹೋಗಿ ಕಿಟಕಿಯಿಂದ ನೋಡಿ ಬರುವುದು ಸಾಕು ಅನ್ನುವವರಿಗೆ ಅದು ಒಳ್ಳೆಯ ವ್ಯಾಪಾರವೇ. ನನ್ನ ಪ್ರಕಾರ ಅದು ಅರ್ಧ ದುಡ್ಡಿನ ಅಂಟಾರ್ಕ್ಟಿಕಾ ಅಲ್ಲ, ಪೂರ್ತಿ ದುಡ್ಡಿನ ಬೇರೆ ಪ್ರವಾಸ. ಏಜೆಂಟ್ ಏನೇ ಹೇಳಲಿ, ಪ್ರಯಾಣಿಕರ ಸಂಖ್ಯೆ ಮತ್ತು ದಡಕ್ಕೆ ಇಳಿಸುತ್ತಾರೆ ಅನ್ನುವ ಮಾತು ಇವೆರಡನ್ನೂ ಬರಹದಲ್ಲಿ ಪಡೆಯಿರಿ.

ಕ್ಯಾಬಿನ್ ವಿಷಯದಲ್ಲಿ ಮಾತ್ರ ಧಾರಾಳವಾಗಿ ಉಳಿಸಿ. ಬಾಲ್ಕನಿ ಇರುವ ಮೇಲಿನ ಮಹಡಿಗಳೇ ಡ್ರೇಕ್‌ನಲ್ಲಿ ಜಾಸ್ತಿ ತೂಗಾಡುವುದು. ಹಡಗಿನ ನಟ್ಟನಡುವೆ, ಕೆಳಗಿನ ಮಹಡಿಯ ಕ್ಯಾಬಿನ್ ಎಲ್ಲಕ್ಕಿಂತ ಕಡಿಮೆ ಅಲುಗುತ್ತದೆ, ದರವೂ ಕಡಿಮೆ. ಸಣ್ಣ ದುಂಡು ಕಿಟಕಿ ಇರುತ್ತದೆ, ಅಷ್ಟೇ. ತಿಮಿಂಗಿಲ ಕಂಡಿತು ಅಂತ ಮೈಕಿನಲ್ಲಿ ಕೂಗಿದಾಗ ಬಾಲ್ಕನಿಯವರೂ ಡೆಕ್‌ಗೇ ಓಡಿ ಬರುತ್ತಾರೆ. ಅವರ ಬಾಲ್ಕನಿ ಬೇರೆ ದಿಕ್ಕಿಗಿರುತ್ತದಲ್ವಾ!

ಡ್ರೇಕ್ ಬಗ್ಗೆ ಜನ ಹೆದರಿಸುತ್ತಾರೆ. ಹೆದರಬೇಕಾದ್ದೂ ಇದೆ. ಕೇಪ್ ಹಾರ್ನ್‌ನಿಂದ ಸೌತ್ ಶೆಟ್‌ಲ್ಯಾಂಡ್ ದ್ವೀಪಗಳವರೆಗೆ ಸುಮಾರು 800 ಕಿಲೋಮೀಟರ್. ಆ ಅಕ್ಷಾಂಶದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದರೂ ಗಾಳಿಗೆ ಅಡ್ಡ ಬರುವ ನೆಲವಿಲ್ಲ. ಹಾಗಾಗಿ ಅಲೆಗಳು ಬೆಳೆಯುತ್ತಲೇ ಹೋಗುತ್ತವೆ. ಹೋಗುವಾಗ ನಮಗೆ ಅದರ ಪೂರ್ತಿ ಪರಿಚಯವಾಯಿತು. ಊಟದ ಮೇಜಿನಿಂದ ಗ್ಲಾಸುಗಳು ಜಾರಿದವು. ಅರ್ಧಕ್ಕರ್ಧ ಕುರ್ಚಿ ಖಾಲಿ. ಬರುವಾಗ ಅದೇ ಕಡಲು ಕೆರೆ ನೀರಿನ ಹಾಗೆ ಮಲಗಿತ್ತು. ನಿಮಗೆ ಯಾವುದು ಸಿಗುತ್ತದೆ ಅನ್ನುವುದು ಅದೃಷ್ಟ.

ವಾಂತಿ ತಡೆಯುವ ಅವೊಮಿನ್‌ನಂತಹ ಮಾತ್ರೆಯನ್ನು ಹಡಗು ಇನ್ನೂ ಶಾಂತವಾದ ಬೀಗಲ್ ಕಾಲುವೆಯಲ್ಲಿ ಇರುವಾಗಲೇ ನುಂಗಿ. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದ ಮಾತ್ರೆ ಒಳಗೆ ನಿಲ್ಲುವುದಿಲ್ಲ. ಬೇರೆ ಔಷಧಿ ತೆಗೆದುಕೊಳ್ಳುವವರು ಊರಿನಲ್ಲೇ ಡಾಕ್ಟರನ್ನು ಕೇಳಿಕೊಳ್ಳಿ. ಓಡಾಡುವಾಗ ಒಂದು ಕೈ ಕಂಬಿಯ ಮೇಲೇ ಇರಲಿ. ಬಾಗಿಲಿನ ಸಂದಿಗೆ ಬೆರಳು ಕೊಡಬೇಡಿ. ಹಡಗು ವಾಲಿದಾಗ ಬಾಗಿಲು ತಾನಾಗಿ ಬಡಿಯುತ್ತದೆ, ಆಗ ಬೆರಳು ಉಳಿಯುವುದಿಲ್ಲ.

ಡ್ರೇಕ್ ಬೇಡವೇ ಬೇಡ ಅನ್ನುವವರಿಗೆ ಚಿಲಿಯ ಪುಂಟಾ ಅರೇನಾಸ್‌ನಿಂದ ಕಿಂಗ್ ಜಾರ್ಜ್ ದ್ವೀಪಕ್ಕೆ ಎರಡು ಗಂಟೆಯ ವಿಮಾನವಿದೆ. ಅಲ್ಲಿಂದ ಹಡಗು. ದುಡ್ಡು ಜಾಸ್ತಿ. ಮಂಜು ಮುಸುಕಿದರೆ ವಿಮಾನ ಹಾರುವುದಿಲ್ಲ, ಒಂದೆರಡು ದಿನ ಕಾಯಬೇಕಾಗಬಹುದು.

ಮೊದಲ ಸಲ ಇಳಿಯುವ ಮುಂಚೆ ಒಂದು ತಮಾಷೆ ನಡೆಯುತ್ತದೆ. ಎಲ್ಲರ ಜಾಕೆಟ್, ಚೀಲ, ವೆಲ್ಕ್ರೋ ಪಟ್ಟಿಗಳನ್ನು ವ್ಯಾಕ್ಯೂಮ್ ಹಾಕಿ ಚೊಕ್ಕ ಮಾಡಬೇಕು. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು. ನಮ್ಮ ಯಜಮಾನರ ಜೇಬಿನ ಮೂಲೆಯಿಂದ ಸೋಂಪಿನ ಕಾಳು ಹೊರಟವು. ಯಾವ ಮದುವೆಯ ಊಟದ್ದೋ! ಆ ಗೈಡ್ ಹುಡುಗಿ ಇಕ್ಕಳದಲ್ಲಿ ಒಂದೊಂದೇ ಹೆಕ್ಕಿ ತೆಗೆದಳು. ಪ್ರತಿ ಸಲ ಹೋಗುವಾಗ, ಬರುವಾಗ ಬೂಟನ್ನು ಔಷಧಿ ನೀರಿನಲ್ಲಿ ಉಜ್ಜಬೇಕು. ಹಕ್ಕಿ ಜ್ವರ ಬಂದ ಮೇಲೆ ದಡದಲ್ಲಿ ಕೂರುವಂತಿಲ್ಲ, ಮಂಡಿ ಊರುವಂತಿಲ್ಲ, ಚೀಲ ನೆಲಕ್ಕೆ ಇಡುವಂತಿಲ್ಲ. ತಿನ್ನುವಂತಿಲ್ಲ. ಶೌಚಾಲಯವೂ ಇಲ್ಲ. ಇವನ್ನೆಲ್ಲ ತಿಳಿದೇ ಹೊರಡಿ.

ಇಷ್ಟಾದ ಮೇಲೆ ಸಿಗುವುದು ಏನು? ಕುವರ್‌ವಿಲ್ ದ್ವೀಪಕ್ಕೆ ದೋಣಿ ಹತ್ತಿರವಾಗುವಾಗ ಮೊದಲು ವಾಸನೆ ಬರುತ್ತದೆ. ಪೆಂಗ್ವಿನ್ ಹಿಕ್ಕೆಯ ಈ ನಾತವನ್ನು ಯಾವ ಫೋಟೋವೂ ಹೇಳುವುದಿಲ್ಲ. ಆಮೇಲೆ ಸಾವಿರಾರು ಜೆಂಟೂ ಪೆಂಗ್ವಿನ್‌ಗಳ ಗದ್ದಲ. ಗೂಡಿಗೆಂದು ಪಕ್ಕದವನ ಕಲ್ಲು ಕದಿಯುವುದು, ಸಿಕ್ಕಿಬಿದ್ದು ಕುಟುಕಿಸಿಕೊಳ್ಳುವುದು. ನಾವು ಐದು ಮೀಟರ್ ದೂರ ನಿಲ್ಲಬೇಕು. ಆ ನಿಯಮ ಅವುಗಳಿಗೆ ಗೊತ್ತಿಲ್ಲ. ಬೂಟಿನ ಪಕ್ಕದಲ್ಲೇ ಹಾದು ಹೋಗುತ್ತವೆ. ಅವು ಹಿಮದಲ್ಲಿ ತುಳಿದು ಮಾಡಿಕೊಂಡ ದಾರಿಗೆ ನಾವು ಅಡ್ಡ ನಿಂತರೆ ಗೈಡ್ ನಮ್ಮನ್ನು ಬೈಯುತ್ತಾರೆ, ಪೆಂಗ್ವಿನ್ ಸುಮ್ಮನೆ ಕಾಯುತ್ತದೆ.

ನೆಕೊ ಹಾರ್ಬರ್‌ನಲ್ಲಿ ಹಿಮನದಿಯ ಎದುರು ನಿಂತಿದ್ದೆವು. ಒಂದು ಗೋಡೆ ಒಡೆದು ನೀರಿಗೆ ಬಿತ್ತು. ಬೀಳುವುದು ಕಂಡ ಮೇಲೆ ಗುಡುಗು ಕೇಳಿಸಿತು. ಅಲ್ಲಿ ದಡದ ಅಂಚಿನಲ್ಲಿ ನಿಲ್ಲಲು ಬಿಡುವುದಿಲ್ಲ. ಬಿದ್ದ ಗಡ್ಡೆ ಎಬ್ಬಿಸುವ ಅಲೆ ನಿಮಿಷಗಳಲ್ಲಿ ದಡಕ್ಕೆ ಬರುತ್ತದೆ. ಡಿಸೆಪ್ಷನ್ ದ್ವೀಪ ಇನ್ನೊಂದು ಬಗೆ. ಅದು ಜೀವಂತ ಜ್ವಾಲಾಮುಖಿ. ಕುಸಿದ ಬಾಯಿಯೊಳಗೆ ಹಡಗೇ ನುಗ್ಗುತ್ತದೆ. ಕಪ್ಪು ಮರಳಿನ ಮೇಲೆ ಹಳೆಯ ತಿಮಿಂಗಿಲ ಬೇಟೆಗಾರರ ತುಕ್ಕು ಹಿಡಿದ ಎಣ್ಣೆ ಟ್ಯಾಂಕುಗಳು. ನನಗೆ ಪೆಂಗ್ವಿನ್‌ಗಿಂತ ಜಾಸ್ತಿ ಕಾಡಿದ್ದು ಈ ಜಾಗ.

ಪೋರ್ಟ್ ಲಾಕ್‌ರಾಯ್‌ನ ಬ್ರಿಟಿಷ್ ಅಂಚೆ ಕಚೇರಿಗೆ ಹೋಗಲು ಆಗಲಿಲ್ಲ, ಮಂಜುಗಡ್ಡೆ ತುಂಬಿತ್ತು. ಇದಕ್ಕೆ ಯಾರೂ ದುಡ್ಡು ವಾಪಸ್ ಕೊಡುವುದಿಲ್ಲ. ಎಲ್ಲಿಗೆ ಹೋಗಬೇಕು ಅನ್ನುವುದನ್ನು ಗಾಳಿ, ಮಂಜುಗಡ್ಡೆ ನೋಡಿ ಆಯಾ ದಿನವೇ ತೀರ್ಮಾನಿಸುತ್ತಾರೆ. ಪಟ್ಟಿ ಹಿಡಿದು ಟಿಕ್ ಹಾಕುವ ಸ್ವಭಾವದವರಿಗೆ ಇದು ಹಿಂಸೆ. ಅಂದ ಹಾಗೆ, “ನಮ್ಮ ಮೈತ್ರಿ ನೋಡಿದ್ರಾ?” ಅಂತ ತುಂಬಾ ಜನ ಕೇಳಿದರು. ಇಲ್ಲ. ಭಾರತದ ಮೈತ್ರಿ, ಭಾರತಿ ಕೇಂದ್ರಗಳು ಖಂಡದ ಪೂರ್ವ ಭಾಗದಲ್ಲಿ ಸಾವಿರಾರು ಕಿಲೋಮೀಟರ್ ದೂರ ಇವೆ. ಈ ಹಡಗುಗಳು ಆ ಕಡೆ ಹೋಗುವುದಿಲ್ಲ.

ಹಾಗಾದರೆ ದುಡ್ಡು ಸಾರ್ಥಕವಾ? ಸಣ್ಣ ಹಡಗು, ಕೆಳಗಿನ ಕ್ಯಾಬಿನ್, ಕೈಯಲ್ಲಿರುವ ದುಡ್ಡು, ಈ ಮೂರೂ ಇದ್ದರೆ ಹೌದು ಅನ್ನುತ್ತೇನೆ. ಇಎಂಐ ಮಾಡಿ ಹೋಗುವಂಥದ್ದಲ್ಲ. ಮಂಡಿ ನೋವು ಜಾಸ್ತಿ ಇರುವವರು ಯೋಚಿಸಿ. ಕುಣಿಯುವ ದೋಣಿಗೆ ಇಳಿಯಬೇಕು, ಹಿಮದಲ್ಲಿ ಏರಬೇಕು. ದಡದಲ್ಲಿ ಕೂರಲು ಕುರ್ಚಿ ಇಲ್ಲ. ಹಡಗಿನಲ್ಲಿ ಮನರಂಜನೆ ಅಂದರೆ ವಿಜ್ಞಾನಿಗಳ ಉಪನ್ಯಾಸ. ಹಿಮ, ಕಡಲು ನೋಡಿದರೆ ಸಾಕು ಅನ್ನುವವರು ನಾರ್ವೆಯ ಕರಾವಳಿ ಹಡಗು ಹಿಡಿಯಬಹುದು. ಬರ್ಗೆನ್‌ನಿಂದ ಕಿರ್ಕೆನೆಸ್‌ವರೆಗೆ 34 ಬಂದರು, ಹೋಗಿ ಬರಲು 12 ದಿನ. ನಡುವೆ ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು. ಖರ್ಚು ಎಷ್ಟೋ ಕಡಿಮೆ.

ಹೋಗುವುದೇ ಅಂತಾದರೆ ಕೆಲವು ಮಾತು. ನವೆಂಬರ್ ಮೊದಲ ಭಾಗ ಮತ್ತು ಮಾರ್ಚ್ ಅಗ್ಗ. ನವೆಂಬರ್‌ನಲ್ಲಿ ಹಿಮ ಶುಭ್ರ. ಮರಿಗಳು ಬೇಕಾದರೆ ಡಿಸೆಂಬರ್ ಕೊನೆ, ಜನವರಿ. ತಿಮಿಂಗಿಲಗಳಿಗೆ ಫೆಬ್ರವರಿ, ಮಾರ್ಚ್. ಉಶುವಾಯಾದಲ್ಲಿ ಕೊನೇ ಗಳಿಗೆಯ ರಿಯಾಯಿತಿ ಸಿಗುತ್ತದೆ ಅನ್ನುವುದು ನಿಜವೇ. ಆದರೆ ಅದು ಬೆನ್ನಿಗೆ ಚೀಲ ಹಾಕಿಕೊಂಡು ತಿಂಗಳುಗಟ್ಟಲೆ ತಿರುಗುವವರಿಗೆ, ರಜೆ ಲೆಕ್ಕ ಹಾಕುವ ನಮಗಲ್ಲ. ಬಟ್ಟೆಗೆ ಸುರಿಯಬೇಡಿ. ಎಷ್ಟೋ ಹಡಗುಗಳು ದಪ್ಪ ಜಾಕೆಟ್ ಕೊಡುತ್ತವೆ, ಬೂಟು ಬಾಡಿಗೆ ಇಲ್ಲದೆ ಕೊಡುತ್ತವೆ. ನೀರು ಹೋಗದ ಪ್ಯಾಂಟ್ ಮಾತ್ರ ನಿಮ್ಮದೇ ಇರಲಿ. ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಸಿ. ಚಟ್ನಿಪುಡಿ ಹಡಗಿನಲ್ಲಿ ನಡೆಯಿತು, ಸೀಲ್ ಆದ ಪ್ಯಾಕೆಟ್ ಇರಬೇಕು. ದಡಕ್ಕೆ ಮಾತ್ರ ಬೇಡ.

ಸಾಮಾನ್ಯ ಪ್ರವಾಸ ವಿಮೆ ಸಾಲದು. ಅಂಟಾರ್ಕ್ಟಿಕಾದಿಂದ ತುರ್ತಾಗಿ ಸಾಗಿಸುವ ಖರ್ಚು ಸೇರಿದೆ ಅಂತ ಪಾಲಿಸಿಯಲ್ಲೇ ಬರೆದಿರಬೇಕು. ಇಲ್ಲಿನ ಏಜೆಂಟ್ ಮೂಲಕ ಕೊಂಡರೆ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಹಿಡಿಯುತ್ತಾರೆ. ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ, ಕೇಳಿಕೊಳ್ಳಿ. ರಿಟರ್ನ್ ಹಾಕುವಾಗ ಅದು ತೆರಿಗೆಗೆ ಹೊಂದುತ್ತದೆ, ಆದರೆ ಅಲ್ಲಿಯವರೆಗೆ ಕೈಯಿಂದ ಹೋಗಿರುತ್ತದೆ. ಬ್ಯೂನಸ್ ಐರಿಸ್‌ನಲ್ಲಿ ಎರಡು ವಿಮಾನ ನಿಲ್ದಾಣ. ನೀವು ಇಳಿಯುವುದು ಎಸೈಸಾದಲ್ಲಿ, ಉಶುವಾಯಾದ ವಿಮಾನ ಹೆಚ್ಚಾಗಿ ಊರೊಳಗಿನ ಏರೋಪಾರ್ಕೆಯಿಂದ. ನಡುವೆ ಒಂದು ರಾತ್ರಿ ಇಟ್ಟುಕೊಳ್ಳಿ. ಹಡಗಿಗೂ ಒಂದೆರಡು ದಿನ ಮುಂಚೆ ಉಶುವಾಯಾ ಸೇರಿ. ತಡವಾಗಿ ಬಂದವರಿಗೆ ಹಡಗು ಕಾಯುವುದಿಲ್ಲ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಅರ್ಜೆಂಟೀನಾ ಕೇಳದಿದ್ದರೂ ವಾಪಸ್ ಬರುವಾಗ ಭಾರತ ಕೇಳುತ್ತದೆ. ಹೊರಡುವ ಹತ್ತು ದಿನ ಮೊದಲೇ ಆಗಿರಬೇಕು. ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ, ಸರದಿ ಸಿಗುವುದು ತಡವಾಗಬಹುದು. 60 ದಾಟಿದವರು ಮೊದಲು ಡಾಕ್ಟರ್ ಜೊತೆ ಮಾತಾಡಿ. ಆ ಹಳದಿ ಕಾರ್ಡ್ ಪಾಸ್‌ಪೋರ್ಟ್ ಜೊತೆಗೇ ಇರಲಿ, ಚೆಕ್-ಇನ್ ಬ್ಯಾಗಿನಲ್ಲಿ ಬೇಡ. ಬೆಂಗಳೂರಿನಲ್ಲಿ ಇಮಿಗ್ರೇಷನ್‌ಗೂ ಮುಂಚೆ ಆರೋಗ್ಯ ಕೌಂಟರ್‌ನಲ್ಲೇ ಕೇಳುತ್ತಾರೆ.