ಹಾಲಿನ ಲೆಕ್ಕದಲ್ಲಿ 2019

ಕಳೆದ ಭಾನುವಾರ ಅಡುಗೆಮನೆ ಗೂಡು ಒರೆಸುತ್ತಿದ್ದೆವು. ಸಾಂಬಾರ ಪುಡಿ ಡಬ್ಬಿಗಳ ಕೆಳಗೆ ಹಾಸಿದ್ದ ಕಾಗದ ಎಳೆದರೆ, 2019ರ ಕ್ಯಾಲೆಂಡರ್. ಬಿಸಾಡೋಣ ಅಂತ ಮಡಚುವಾಗ ಅಮ್ಮನ ಅಕ್ಷರ ಕಣ್ಣಿಗೆ ಬಿತ್ತು. ತಾರೀಖು ತಾರೀಖಿಗೂ ಹಾಲಿನ ಲೆಕ್ಕ. 2, 2, 2. ಒಂದೊಂದು ಕಡೆ ಸಿಲಿಂಡರ್ ಬಂದ ದಿನ. ಒಂದೊಂದು ಕಡೆ ಹೆಸರು.

ಜನವರಿ 21: 'ಸ್ವಾಮಿಗಳು'. ಮಾರನೇ ದಿನ: 'ಹಾಲು ಬರಲಿಲ್ಲ'. ಸಿದ್ಧಗಂಗಾ ಮಠದ ಪಕ್ಕದ ಕ್ಯಾತ್ಸಂದ್ರದಲ್ಲಿ ಮನೆ ಇರೋರಿಗೆ ಆ ಎರಡು ದಿನದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಸ್ತೆ ದಾಟೋಕೂ ಜಾಗ ಇರಲಿಲ್ಲ. ನೂರಾ ಹನ್ನೊಂದು ವರ್ಷ ಬದುಕಿದವರು, ಮಠದ ಮಕ್ಕಳ ಊಟ ಮುಗಿದ ಮೇಲೇ ಸುದ್ದಿ ಹೇಳಿ ಅಂದಿದ್ದರಂತೆ ಅಂತ ಬೀದಿಯಲ್ಲೆಲ್ಲಾ ಅದೇ ಮಾತು. ಅಮ್ಮ ಅದನ್ನು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದು ನನಗೆ ನೆನಪಿದೆ.

ಜೂನ್ 10, 'ಕಾರ್ನಾಡರು'. ಅವತ್ತು ನಮ್ಮ ಚಿಕ್ಕಪ್ಪ ಫೋನ್ ಮಾಡಿ ಒಂದು ಗಂಟೆ ಅವರನ್ನು ಬೈದಿದ್ದರು. ಒಂದು ನಾಟಕ ನೋಡಿದವರಲ್ಲ, ಓದಿದವರಲ್ಲ. ಆದರೆ ಸತ್ತವರ ಬಗ್ಗೆ ಒಂದು ಅಭಿಪ್ರಾಯ ರೆಡಿ ಇರಲೇಬೇಕು ಅವರಿಗೆ. ಶಾಸ್ತ್ರ ಬೇಡ, ಮೆರವಣಿಗೆ ಬೇಡ ಅಂತ ಸುಮ್ನೆ ಹೊರಟುಹೋದವರನ್ನೂ ಬಿಡಲಿಲ್ಲ. ಜುಲೈ 31ಕ್ಕೆ 'ಕಾಫಿ ಡೇಯವರು, ಪಾಪ'. ನೇತ್ರಾವತಿ ಸೇತುವೆ ಹತ್ತಿರ ಕಾಣೆಯಾಗಿದ್ದ ಸಿದ್ಧಾರ್ಥ ಅವರ ದೇಹ ಸಿಕ್ಕಿದ್ದು ಅವತ್ತು. ಅಮ್ಮ ಆ ಅಂಗಡಿಯ ಕಾಫಿ ಒಂದೇ ಒಂದು ಸಲ ಕುಡಿದಿದ್ದಳು, ರೇಟು ಜಾಸ್ತಿ ಅಂತ ಗೊಣಗಿದ್ದಳು. ಆದರೂ 'ಪಾಪ' ಸೇರಿಸಿದ್ದಾಳೆ. ಅಕ್ಟೋಬರ್ 11, 'ಸ್ಯಾಕ್ಸೋಫೋನ್'. ಕದ್ರಿ ಗೋಪಾಲನಾಥ್ ಅಂತ ಬರೆಯಲು ಜಾಗ ಸಾಲಲಿಲ್ಲವೋ ಏನೋ.

ನವೆಂಬರ್ 10, 'ಶೇಷನ್'. ಹಿಂದೆ ಮುಖ್ಯ ಚುನಾವಣಾ ಆಯುಕ್ತರಾಗಿದ್ದವರು. ಇದು ಅಪ್ಪ ಹೇಳಿ ಬರೆಸಿದ್ದಿರಬೇಕು. ಮೇಷ್ಟರಾಗಿದ್ದ ಅಪ್ಪ ಎಷ್ಟೋ ಚುನಾವಣೆ ಡ್ಯೂಟಿ ಮಾಡಿದವರು. "ಶೇಷನ್ ಬಂದ ಮೇಲೆ ಬೂತಲ್ಲಿ ನಮ್ಮ ಮಾತು ನಡೀತಪ್ಪಾ" ಅಂತ ಆವತ್ತು ಟಿವಿ ಮುಂದೆ ಕೂತು ಹತ್ತು ಸಲ ಹೇಳಿರಬಹುದು. ಅಪ್ಪ ಹೋಗಿದ್ದು ಅದಾಗಿ ಒಂಬತ್ತು ದಿನಕ್ಕೆ.

19ನೇ ತಾರೀಖು ನೋಡಿದೆ. ಹೆಸರಿಲ್ಲ. ಎಂದಿನ ಹಾಗೆ 2.

"ಅಮ್ಮಾ, ಊರವರದ್ದೆಲ್ಲಾ ಬರೆದಿದ್ದೀಯ, ಅಪ್ಪಂದು ಬರೆದೇ ಇಲ್ವಲ್ಲ?"

ಅಮ್ಮ ಒರೆಸೋದು ನಿಲ್ಲಿಸಲಿಲ್ಲ. "ಬರ್ದಿದೀನಲ್ಲಪ್ಪಾ, ನೋಡು" ಅಂದಳು.

ಮತ್ತೆ ನೋಡಿದೆ. 20ಕ್ಕೆ 6. 21ಕ್ಕೆ 8. ನೆಂಟರು ಬಂದರು, ಕಾಫಿ ಇಳಿಸಿದ್ದೇ ಇಳಿಸಿದ್ದು. ಆಮೇಲೆ 5, 5, 4. ತಿಥಿ ದಿನ 20. ಆಮೇಲೆ 3, ಅಕ್ಕ ಇದ್ದಳು. ಡಿಸೆಂಬರ್ ಹಾಳೆಯಲ್ಲಿ ಒಂದು ವಾರ ಕಳೆದ ಮೇಲೆ 1. ನಂತರ ಪೂರ್ತಿ 1, 1, 1. ನಾನೂ ಆ ವಾರವೇ ಬೆಂಗಳೂರಿಗೆ ವಾಪಸ್ ಹೋಗಿದ್ದೆ. ರಜೆ ಇತ್ತು, ಇನ್ನೂ ನಾಲ್ಕು ದಿನ ಇರಬಹುದಿತ್ತು. 29ರಲ್ಲಿ 'ಪೇಜಾವರರು', ಪಕ್ಕದಲ್ಲೇ 1.

ಈ ವಾರವೆಲ್ಲಾ ಆಫೀಸಿನಲ್ಲಿ ಕೂತರೂ ಅದೇ. ಬರ್ದಿದೀನಲ್ಲಪ್ಪಾ, ನೋಡು. ಚಿಕ್ಕಪ್ಪನ ಗುಂಪಿನಲ್ಲಿ ಯಾರೋ ಹೋದರು ಅಂತ ಬಂದ ತಕ್ಷಣ ಸಾಲಾಗಿ 'ಓಂ ಶಾಂತಿ' ಬೀಳುತ್ತದೆ. ನಾನೂ ಹಾಕುತ್ತೇನೆ, ಹಾಕಿ ಐದು ನಿಮಿಷಕ್ಕೆ ಮರೆಯುತ್ತೇನೆ. ಅಮ್ಮ ಆ ಗುಂಪಿನಲ್ಲಿಲ್ಲ. ಅವಳ ಹತ್ತಿರ ಇರುವುದು ಬಟನ್ ಫೋನು.

ಕ್ಯಾಲೆಂಡರ್ ನಾನು ಇಟ್ಕೋತೀನಿ ಅಂದೆ. "ಗೂಡಿಗೆ ಏನು ಹಾಸೋದು?" ಅಂತ ಕೇಳಿದಳು. ನನ್ನ ಬ್ಯಾಗಿನಲ್ಲಿದ್ದ ಅವತ್ತಿನ ಪೇಪರ್ ಕೊಟ್ಟೆ. ಹರಡುವ ಮುಂಚೆ ಕನ್ನಡಕ ಹಾಕಿಕೊಂಡು, ಒಳಗಿನ ಪುಟದಲ್ಲಿ ನಿಧನ ವಾರ್ತೆ ಒಂದು ಸಲ ಓದಿಕೊಂಡಳು.