ಮುರಕಲ್ಲಿನ ಗುಡ್ಡೆಯ ಕೇಪಳ

ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದಲ್ಲಿ 1432ರ ಗೊಮ್ಮಟ, ಎರಡನ್ನೂ ಕಣ್ತುಂಬ ನೋಡಿದೆವು. ಆದರೆ ಬೆಂಗಳೂರಿಗೆ ಮರಳಿದ ಮೇಲೆ ಕಂಡಕಂಡವರಿಗೆಲ್ಲ ನಾನು ಹೇಳುತ್ತಿರುವುದು ದಾರಿಬದಿಯ ಒಂದು ಪೊದೆಯ ಸಂಗತಿ.

ಎರಡೂ ಊರುಗಳ ನಡುವೆ ಚಹಾಕ್ಕೆಂದು ಇಳಿದಿದ್ದೆವು. ಅಂಗಡಿಯ ಹಿಂದೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗುಡ್ಡೆ. ಏಪ್ರಿಲ್ ಬಿಸಿಲಿಗೆ ಹುಲ್ಲೆಲ್ಲ ಒಣಗಿದ್ದರೂ ಕೇಪಳದ ಪೊದೆಯ ತುಂಬ ಕೆಂಪು ಗೊಂಚಲು. ಅಂಗೈಯಗಲದ ಬ್ಲೂ ಮಾರ್ಮನ್ ಚಿಟ್ಟೆಯೊಂದು ರೆಕ್ಕೆ ಬಡಿಯುತ್ತಲೇ ಒಂದೊಂದು ಹೂವಿಗೂ ಸೊಂಡಿಲು ಇಳಿಸುತ್ತಿತ್ತು. ಹೂವಿನ ನಳಿಕೆ ಇಂಚಿಗಿಂತ ಉದ್ದ, ಕಡ್ಡಿಯಷ್ಟು ಸಣ್ಣ; ಮಕರಂದ ಇರುವುದು ಬುಡದಲ್ಲಿ. ಅಲ್ಲಿಗೆ ಮುಟ್ಟಬೇಕಾದರೆ ಅಂಥ ಸೊಂಡಿಲೇ ಬೇಕು.

ಬುಟ್ಟಿ ಹಿಡಿದು ಹೂ ಕೊಯ್ಯಲು ಬಂದ ಅಮ್ಮ ಒಬ್ಬರು ನನ್ನನ್ನು ನೋಡಿ ಕೇಳಿದರು: "ನಿಮ್ಮಲ್ಲಿ ಕೇಪಳ ಇಲ್ವಾ?"

"ನರ್ಸರಿಯಿಂದ ತಂದು ಕಾಂಪೌಂಡ್ ಪಕ್ಕ ನೆಟ್ಟಿದ್ದೆ ಅಮ್ಮ. ಆರು ತಿಂಗಳಲ್ಲಿ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು."

"ಸಿಮೆಂಟಿನ ಬದಿ ಅದು ಬದುಕ್ಲಿಕ್ಕುಂಟಾ? ಅದಕ್ಕೆ ಈ ಗುಡ್ಡೆ ಮಣ್ಣೇ ಆಗ್ಬೇಕು."

ನರ್ಸರಿಯವನು ಗೊಬ್ಬರ ಸಾಲದು ಎಂದಿದ್ದ. ನಾನು ಸುರಿದದ್ದೇ ಸುರಿದದ್ದು. ಆ ಸಂಕಟ ಇನ್ನೂ ಹೋಗಿಲ್ಲ. ಕೇಪಳಕ್ಕೆ ಹುಳಿ ಮಣ್ಣು ಬೇಕು. ಗೋಡೆಯ ಸುಣ್ಣ, ಬೋರ್‌ವೆಲ್ಲಿನ ಗಡಸು ನೀರು ಸೇರಿದರೆ ಆ ಹುಳಿ ಸತ್ತು, ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ; ಎಲೆ ಹಳದಿಯಾಗುವುದು ಅದಕ್ಕೇ. ನೆಡುವವರು ಗೋಡೆಯಿಂದ ದೂರ ನೆಡಿ, ಮಳೆನೀರು ಹಿಡಿದಿಟ್ಟು ಹಾಕಿ.

ಅಮ್ಮ ಒಂದು ಹೂವಿನ ನಡುವಿನ ಎಳೆಯನ್ನು ಮೆಲ್ಲಗೆ ಎಳೆದು ಕೊಟ್ಟರು. ತುದಿಯಲ್ಲಿ ಸಾಸಿವೆಯಷ್ಟು ಹನಿ. ನಾಲಿಗೆಗೆ ಇಟ್ಟೆ, ಸಿಹಿ! ಬುಟ್ಟಿಯ ಹೂವು ತಂಬುಳಿಗಂತೆ: ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಹಾಕುವುದು. ಹೊಟ್ಟೆ ಕೆಟ್ಟಾಗ ಅವರ ಮನೆಯಲ್ಲಿ ಮೊದಲು ಇದೇ. ಆ ಮಧ್ಯಾಹ್ನ ಹೋಟೆಲಿನಲ್ಲಿ ಉಂಡ ಸಪ್ಪೆ ಸಾಂಬಾರನ್ನು ನೆನೆದು ನನಗೆ ಹೊಟ್ಟೆ ಉರಿಯಿತು.

ಒಂದು ಗೊಂಚಲಲ್ಲಿ ಕಾಯಿ ಕಚ್ಚಿತ್ತು. ಕೈ ಹಾಕಿದೆ.

"ಅದು ಬಿಡಿ, ಪಿಕಳಾರ ಹಕ್ಕಿಗೆ ಬೇಕು. ಕಪ್ಪಾದದ್ದು ಇದ್ರೆ ತಿನ್ನಿ."

ಕಪ್ಪಾದವು ನಾಲ್ಕೇ ನಾಲ್ಕು ಸಿಕ್ಕಿದವು. ತೆಳು ತಿರುಳು, ಒಳಗೆ ಒಂದು ಬದಿ ಚಪ್ಪಟೆಯಾದ ಎರಡು ಬೀಜ, ಪುಟ್ಟ ಕಾಫಿ ಬೀಜದ ಹಾಗೆ. ಕೇಪಳವೂ ಕಾಫಿಯ ಕುಟುಂಬದ್ದೇ ಅಲ್ಲವೇ! ಎಂಟನ್ನೂ ಬಸ್ ಟಿಕೆಟಿನಲ್ಲಿ ಸುತ್ತಿ ಜೇಬಿಗಿಟ್ಟೆ. ಅಮ್ಮ ನೋಡಿ ನಕ್ಕು, ಪೊದೆಯ ಬುಡದಿಂದ ಎರಡು ಹಿಡಿ ಕೆಂಪು ಮಣ್ಣನ್ನೂ ಕೆರೆದು ಕೊಟ್ಟರು.