ಮುರಿದಿದ್ದು ತುದಿ ಮಾತ್ರ

ಬೀದರಿನಿಂದ ಕಾರಂಜಾ ಜಲಾಶಯಕ್ಕೆ ಹೊರಡುವ ಹೊತ್ತು. ಯಾರೋ ಕಾರಿನ ಬಾಗಿಲು ಜೋರಾಗಿ ಹಾಕಿದರು. ನನ್ನ ಗಾಳದ ರಾಡಿನ ತುದಿ ಚಟ್ ಅಂತ ಮುರಿಯಿತು. ಎರಡು ಬೆರಳಗಲದ ತುಂಡು, ದಾರ ಹಾದುಹೋಗುವ ರಿಂಗಿನ ಸಮೇತ ಕೆಳಗೆ ಬಿತ್ತು. ತುಂಬಾ ಬೇಜಾರಾಯಿತು. ನನ್ನ ಕೈಗೆ ಒಗ್ಗಿದ ರಾಡ್ ಅದು.

ಅಂಗಡಿಯಲ್ಲಿ ಕೇಳಿದರೆ "ಹೊಸದು ತಗೊಳ್ರಿ" ಅಂದರು. ನನಗೆ ಮನಸ್ಸಾಗಲಿಲ್ಲ. ನಡುವೆ ಮುರಿದಿದ್ದರೆ ಬೇರೆ ಮಾತು. ತುದಿ ಇಷ್ಟು ಹೋದರೆ ರಾಡ್ ಸ್ವಲ್ಪ ಬಿಗಿಯಾಗುತ್ತದೆ, ಸಣ್ಣ ಮೀನು ಮುಟ್ಟಿದ್ದು ಮೊದಲಿನಷ್ಟು ಕೈಗೆ ತಿಳಿಯುವುದಿಲ್ಲ, ಅಷ್ಟೇ. ರೋಹು, ಕಟ್ಲಾದಂಥ ದೊಡ್ಡ ಮೀನಿಗೆ ಕೂರುವವರಿಗೆ ಅದೇನು ದೊಡ್ಡ ನಷ್ಟ ಅಲ್ಲ.

ಮುರಿದ ಕಡೆ ಕಾರ್ಬನ್ ಎಳೆಗಳು ಕಬ್ಬಿನ ಸಿಪ್ಪೆಯ ಹಾಗೆ ಎದ್ದಿದ್ದವು. ಅದನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಲೇಬಾರದು. ಒಳಗೆ ಟೊಳ್ಳಿದ್ದರೆ ಚಪ್ಪಟೆಯಾಗಿ ಉದ್ದಕ್ಕೆ ಸೀಳಿಬಿಡುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಯವಾದ ಮರಳು ಕಾಗದವನ್ನು ನೀರಲ್ಲಿ ಅದ್ದಿ, ಸುತ್ತಲೂ ತಿರುಗಿಸುತ್ತಾ ಉಜ್ಜಿದೆ. ಆ ಪುಡಿ ಎದೆಗೆ ಒಳ್ಳೆಯದಲ್ಲ.

ಹಳೇ ರಿಂಗು ಕೂರಲಿಲ್ಲ. ರಾಡ್ ಕೆಳಗಿಳಿದಂತೆ ದಪ್ಪ ಆಗುತ್ತದಲ್ವಾ, ರಿಂಗಿನ ಬುಡದ ಕೊಳವೆ ಅದಕ್ಕೆ ಸಣ್ಣದಾಯಿತು. ಅಟ್ಟದಲ್ಲಿ ಒಂದು ಹಳೇ ಫೈಬರ್ ರಾಡ್ ಬಿದ್ದಿತ್ತು. ಅದರ ತುದಿ ರಿಂಗಿನ ಕೊಳವೆಗೆ ಲೈಟರ್ ಹಿಡಿದೆ. ಅಂಟು ಕರಗಿತು, ಎಳೆದರೆ ರಿಂಗು ಬಂತು. ಒಳಗಿನ ಸೆರಾಮಿಕ್ ಬಳೆ ಒಡೆದಿದೆಯಾ ಅಂತ ನೋಡಲು ಹತ್ತಿ ಆಡಿಸಿದೆ. ಎಳೆ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕಣ್ಣಿಗೆ ಕಾಣದ ಬಿರುಕೂ ದಾರವನ್ನು ತಿನ್ನುತ್ತದೆ, ದೊಡ್ಡ ಮೀನು ಎಳೆಯುವಾಗಲೇ ಕಡಿಯುತ್ತದೆ. ಈ ಪರೀಕ್ಷೆ ಮಾತ್ರ ಯಾರೂ ಬಿಡಬೇಡಿ.

ಅಂಟಿನ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಸುಮಾರು ಜನ ಅರಾಲ್ಡೈಟ್ ಹಾಕುತ್ತಾರೆ. ಹಿಡಿಯುತ್ತದೆ, ನಿಜ. ಆದರೆ ನಾಳೆ ರಿಂಗು ಬದಲಿಸಬೇಕಾದರೆ ಜಾಸ್ತಿ ಕಾಯಿಸಬೇಕು. ಆ ಶಾಖಕ್ಕೆ ಕಾರ್ಬನ್ ಎಳೆಗಳನ್ನು ಹಿಡಿದಿರುವ ರಾಳವೇ ಹಾಳಾಗುತ್ತದೆ. ಗ್ಲೂ ಗನ್ನಿಗೆ ಹಾಕುವ ಕಡ್ಡಿ ಸಾಕು. ಕಡ್ಡಿಯನ್ನು ಬೆಂಕಿಗೆ ಹಿಡಿದು, ಕರಗಿದ ಅಂಟನ್ನು ರಾಡಿಗೆ ಸವರಿ, ಕೊಳವೆಯನ್ನು ಸ್ವಲ್ಪ ಬಿಸಿ ಮಾಡಿ ತೂರಿಸಿದೆ. ರಾಡಿಗೆ ಮಾತ್ರ ಬೆಂಕಿ ತಾಕಿಸಲಿಲ್ಲ. ತಕ್ಷಣ ರೀಲಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡುತ್ತಾ, ಉಳಿದ ರಿಂಗುಗಳ ಸಾಲಿಗೆ ಬರುವ ತನಕ ತಿರುಗಿಸಿದೆ. ಆರಿದ ಮೇಲೆ ಹೊರಗೆ ಬಂದ ಅಂಟು ಉಗುರಿಗೇ ಕಿತ್ತು ಬಂತು.

ದಾರಕ್ಕೆ ನೀರು ತುಂಬಿದ ಬಾಟಲಿ ಕಟ್ಟಿ ಎತ್ತಿದೆ. ರಿಂಗು ಅಲುಗಲಿಲ್ಲ. ಆಮೇಲೆ ಬೇರೆ ಬೇರೆ ಅಳತೆಯ ರಿಂಗುಗಳ ಪ್ಯಾಕೆಟ್ ತರಿಸಿ, ಅಂಟಿನ ಕಡ್ಡಿ, ಲೈಟರ್ ಜೊತೆ ಗಾಳದ ಡಬ್ಬಿಯಲ್ಲೇ ಇಟ್ಟಿದ್ದೇನೆ. ಮೊನ್ನೆ ಕಾರಂಜಾ ದಂಡೆಯಲ್ಲಿ ಪಕ್ಕದವರ ರಿಂಗು ಹೋಯಿತು. ಗಾಳಿಗೆ ಲೈಟರ್ ನಿಲ್ಲಲಿಲ್ಲ. ಅವರು ಟವೆಲ್ ಅಡ್ಡ ಹಿಡಿದರು, ಅಲ್ಲೇ ಕೂತು ಹಾಕಿಕೊಟ್ಟೆ.